ಹೆಕ್ಕಬಾರದ ಚೆಂಡು

ನೆಲಕ್ಕೆ ಬಿದ್ದದ್ದನ್ನು ಕಂಡರೆ ಹೆಕ್ಕದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ. ಇದು ಗುಣವೋ ರೋಗವೋ ಎಂದು ಅರುವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿದವನಲ್ಲ. ಐವರ್ನಾಡಿನ ನಮ್ಮ ಮನೆಯಲ್ಲಿ ತೋಟಕ್ಕೆ ಹೋದವರು ಬರಿಗೈಯಲ್ಲಿ ಬಂದರೆ ಅಜ್ಜಿ ಮುಖ ತಿರುಗಿಸುತ್ತಿದ್ದರು. ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಮದುವೆಗೆ ಹೊರಟವನೂ ದಾರಿಯಲ್ಲಿ ಹಣ್ಣಡಿಕೆ ಕಂಡರೆ ಬಗ್ಗಿ ಹೆಕ್ಕಿ ಕಿಸೆಗೆ ಹಾಕಿಕೊಳ್ಳಬೇಕು. ನಾನು ಹೆಣ್ಣು ನೋಡಲು ಹೋದ ದಿನ, ಕರವಸ್ತ್ರ ತೆಗೆಯುವಾಗ ಕಿಸೆಯಿಂದ ನಾಲ್ಕು ಅಡಿಕೆ ಉರುಳಿ ಹುಡುಗಿಯ ತಂದೆಯ ಕಾಲಬುಡಕ್ಕೆ ಹೋದವು. ಅವರೂ ತೋಟದವರೇ. ಬಗ್ಗಿ ಹೆಕ್ಕಿ ತಮ್ಮ ಕಿಸೆಗೆ ಹಾಕಿಕೊಂಡರು. ಸಂಬಂಧ ಕೂಡಿಬಂತು. ಹಾಗಾಗಿ ಈ ಅಭ್ಯಾಸದಿಂದ ಯಾರಿಗಾದರೂ ಕೇಡಾದೀತು ಎಂಬ ಸಂಶಯ ನನಗೆ ಬಂದದ್ದೇ ಇಲ್ಲ.

ಪುತ್ತೂರಿನಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಚಹಾ ತೋಟದ ಮ್ಯಾನೇಜರಾಗಿದ್ದು ನಿವೃತ್ತರಾದವರು. ಗಾಲ್ಫ್ ಹುಚ್ಚು ಅಲ್ಲಿ ಅಂಟಿದ್ದು. ಮೂವತ್ತು ವರ್ಷ ಆಡಿದರೂ ಒಂದು ಕಪ್ ಮನೆಗೆ ತಂದವರಲ್ಲ. ಕಳೆದ ವರ್ಷ ಹೃದಯದ ಆಪರೇಶನ್ ಆದ ಮೇಲೆ, ಹಿರಿಯರ ಟೂರ್ನಮೆಂಟ್ ಒಂದಕ್ಕೆ ಮಾತ್ರ ಡಾಕ್ಟರು ಒಪ್ಪಿದರು. ಅದೇ ಕೊನೆಯದು, ಆಮೇಲೆ ಮನೆಯಂಗಳದಲ್ಲಿ ನಡೆದರೆ ಸಾಕು ಎಂದರಂತೆ. ಆಟ ಇದ್ದದ್ದು ಸಂಪಾಜೆ ಘಾಟಿ ಹತ್ತಿದ ಮೇಲೆ, ಕೊಡಗಿನಲ್ಲಿ. ಅಕ್ಕ ನನಗೆ ಫೋನ್ ಮಾಡಿದಳು. "ಆಟದ ಕೋಲಿನ ಚೀಲ ಹೊರಲಿಕ್ಕೆ ನೀನೇ ಹೋಗು. ಮಾತ್ರೆ ನಿನ್ನ ಕಿಸೆಯಲ್ಲಿ ಇರಲಿ. ಅವರು ಗೆಲ್ಲುದು ಎಂತ ಬೇಡ, ವಾಪಸು ಬಂದ್ರೆ ಸಾಕು ನನಗೆ."

ಕಾರಿನಲ್ಲಿ ಭಾವ ನನಗೆ ಮರ್ಯಾದೆಯ ಪಾಠ ಹೇಳಿದರು. "ಒಬ್ಬರು ಹೊಡೆಯುವಾಗ ಮಾತಾಡ್ಬಾರ್ದು. ಕೆಮ್ಮು ಬಂದ್ರೂ ತಡ್ಕೊಳ್ಬೇಕು. ಚೆಂಡಿಗೂ ಗುಳಿಗೂ ನಡುವೆ ಕಾಲಿಡ್ಬಾರ್ದು."

"ತಪ್ಪಿದ್ರೆ ಹಿಡಿಲಿಕ್ಕೆ ಅಂಪಾಯರ್ ಇಲ್ವಾ ಭಾವ?"

"ಒಬ್ಬೊಬ್ಬನ ಹಿಂದೆ ಎಲ್ಲಿ ಬರ್ತಾರೆ ಮಾರಾಯ? ನಮ್ಮ ತಪ್ಪು ನಾವೇ ಹೇಳುದು. ಮತ್ತೆ, ಆಡುವ ಚೆಂಡನ್ನು ಮಾತ್ರ ಮುಟ್ಬೇಡ. ನೀನು ಎತ್ತಿದ್ರೆ ದಂಡ ನನಗೆ. ಒಂದು ಹೊಡೆತ ಜಾಸ್ತಿ ಲೆಕ್ಕ." ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದವನು ಎಂಬುದು ನನಗೂ ಗೊತ್ತಿತ್ತು. ಇಷ್ಟು ಸಣ್ಣ ವಿಷಯವನ್ನೂ ಹೇಳಬೇಕೇ ಎಂದು ನಕ್ಕೆ.

ಹದಿನೇಳು ಗುಳಿಗಳವರೆಗೆ ನನ್ನಷ್ಟು ಮರ್ಯಾದಸ್ಥ ಇನ್ನೊಬ್ಬನಿರಲಿಲ್ಲ. ಎರಡು ಕೆಮ್ಮು, ಒಂದು ಸೀನು ನುಂಗಿದೆ. ಭಾವನ ಜೊತೆಗೆ ಆಡುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್. ಹದಿನೆಂಟನೆಯದು ಕೊನೆಯ ಗುಳಿ. ಅಲ್ಲಿಗೆ ಬರುವಾಗ ಇಬ್ಬರ ಲೆಕ್ಕವೂ ಸಮ, ಉಳಿದವರೆಲ್ಲ ಎಷ್ಟೋ ಹಿಂದೆ. ಭಾವನ ಮುಖದಲ್ಲಿ ಆಪರೇಶನ್ನಿನ ನಂತರ ನಾನು ಕಾಣದ ಒಂದು ಕಳೆ ಬಂದಿತ್ತು. ಅವರು ಹೊಡೆದ ಚೆಂಡು ಮರಗಳ ಬುಡದ ಉದ್ದ ಹುಲ್ಲಿಗೆ ಹೋಯಿತು. ಹುಡುಕಲು ನಾನು ಬೇಗ ಬೇಗ ಮುಂದೆ ಹೋದೆ. ಹುಲ್ಲಿನ ನಡುವೆ ದುಂಡಗೆ ಏನೋ ಕಂಡಿತು. ಹಣ್ಣಡಿಕೆಯ ಬಣ್ಣವಲ್ಲ, ಗಾತ್ರ ಹೆಚ್ಚುಕಡಿಮೆ ಅದೇ. ತಲೆಗೆ ಗೊತ್ತಾಗುವ ಮೊದಲೇ ಬೆನ್ನು ಬಗ್ಗಿ, ಕೈ ಹೆಕ್ಕಿ, ಮಣ್ಣನ್ನು ಪ್ಯಾಂಟಿಗೆ ಒರೆಸಿ ಆಗಿತ್ತು. ಕಿಸೆಯ ಬಾಯಿಗೆ ಬಂದಾಗಲೇ ಅದು ಭಾವನ ಚೆಂಡೆಂದು ತಿಳಿದದ್ದು.

ತಿರುಗಿ ನೋಡಿದೆ. ಇಬ್ಬರೂ ಇನ್ನೂ ದೂರದಲ್ಲಿ ಮಾತಾಡುತ್ತ ಬರುತ್ತಿದ್ದರು. ಯಾರೂ ನೋಡಿರಲಿಲ್ಲ. ಚೆಂಡನ್ನು ಇದ್ದಲ್ಲೇ ಇಟ್ಟು, ಕೈ ಕಟ್ಟಿ ನಿಂತೆ.

ಭಾವ ಬಂದು ಬಗ್ಗಿ ನೋಡಿದರು. "ಇಲ್ಲೇ ಇತ್ತಾ?"

"ಇಲ್ಲೇ ಇತ್ತು ಭಾವ." ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ಚೆಂಡನ್ನು ನೋಡಿದರು. ಒದ್ದೆ ಮಣ್ಣಿನಲ್ಲಿ ಅದೊಂದೇ ಸ್ನಾನ ಮಾಡಿದಷ್ಟು ಶುಭ್ರವಾಗಿತ್ತು. ಆಮೇಲೆ ನನ್ನ ಪ್ಯಾಂಟಿನ ಮೇಲಿನ ಕೆಂಪು ಕಲೆ ನೋಡಿದರು. ಕರ್ನಲರ ಕಡೆಗೆ ಕೈ ಎತ್ತಿ, "ನಮ್ಮಿಂದ ಚೆಂಡು ಮುಟ್ಟಿಹೋಯ್ತು ಸರ್, ನನಗೆ ಒಂದು ದಂಡ" ಎಂದರು. ಅವರು ಆ ಒಂದು ಹೊಡೆತದಲ್ಲೇ ಸೋತರು. ಕರ್ನಲ್ ಕಪ್ ಹಿಡಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಭಾವ. ನನಗೆ ಅಳು ಬಂತು. ಕೆಮ್ಮಿನ ಹಾಗೆ ಅದನ್ನೂ ನುಂಗಿದೆ.

ಕಾರಿನಲ್ಲಿ ಘಾಟಿ ಇಳಿದೆವು. ಸುಳ್ಯದಲ್ಲಿ ಚಹಾಕ್ಕೆ ನಿಂತಾಗ ಭಾವ ಗ್ಲಾಸು ನೋಡುತ್ತ ಹೇಳಿದರು. "ನೀನು ಹೆಕ್ಕಿದ್ದಕ್ಕೆ ಬೇಜಾರಿಲ್ಲ. ಅದು ಕೈಯ ಅಭ್ಯಾಸ. ನಾನು ಕೇಳಿದಾಗ ಹೇಳ್ಬೇಕಿತ್ತು." ಅಷ್ಟು ಬೈದದ್ದು ಬಿಟ್ಟರೆ ಇಂದಿನವರೆಗೂ ಅವರು ಆ ಸುದ್ದಿ ಎತ್ತಿಲ್ಲ.

ಪುತ್ತೂರಿಗೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಕಪ್ ಎಂತ ಆಯ್ತು?" ಎಂದು ಕೇಳಿದಳು. "ಕೊನೆಗೆ ನನ್ನ ಕೈ ನಡುಗಿತು ಮಾರಾಯ್ತಿ, ಒಂದು ಹೊಡೆತದಲ್ಲಿ ಹೋಯ್ತು" ಎಂದರು ಭಾವ. ನಮ್ಮ ತಪ್ಪು ನಾವೇ ಹೇಳುವುದು ಎಂದು ಪಾಠ ಮಾಡಿದವರು ನನ್ನ ತಪ್ಪನ್ನೂ ತಮ್ಮದೆಂದೇ ಹೇಳಿಬಿಟ್ಟರು. ಬಾಯಿ ಬಿಡಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅಷ್ಟರಲ್ಲಿ ಅಕ್ಕ ನಮ್ಮನ್ನು ಊಟಕ್ಕೆ ಕೂರಿಸಿ, ಗಸಗಸೆ ಪಾಯಸದ ಸೌಟು ಹಿಡಿದು ನನ್ನ ಕಡೆ ತಿರುಗಿದಳು. "ಹೋಗ್ಲಿ ಬಿಡಿ. ಇವನು ಜೊತೆಗೆ ಇದ್ದದ್ದಕ್ಕೆ ನನಗೆ ಧೈರ್ಯ ಇತ್ತು" ಎಂದು ನನಗೇ ಮೊದಲು ಬಡಿಸಿದಳು.

ನಾನು ಎರಡು ಸಲ ಹಾಕಿಸಿಕೊಂಡೆ.