ಹೊರಮೈ ಯಾವ ಕಡೆ, ಮಾನ್ಯರೇ?

ಕಾಗದದ ಮಾದರಿಗಳನ್ನು ವಿನ್ಯಾಸ ಮಾಡಿಕೊಡಲು, ಅದರಲ್ಲೂ ಆರಂಭಿಕರನ್ನು ಉದ್ಧರಿಸಲೆಂದೇ ಅವತಾರವೆತ್ತಿರುವ ತಂತ್ರಾಂಶ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು, ಎದ್ದು ನಿಂತು ನಮಸ್ಕರಿಸಿ ಈ ಪತ್ರ ಬರೆಯುತ್ತಿರುವ ನಾನು ವೃತ್ತಿಯಿಂದ ದರ್ಜಿ. ತಾವೂ, ತಮ್ಮ ಮೊದಲ ಪುಟದಲ್ಲಿ ಸದಾ ನಗುತ್ತಿರುವ ಬಾತುಕೋಳಿಯೂ ಕ್ಷೇಮವೆಂದು ಭಾವಿಸುತ್ತೇನೆ. ನಾನು ಅಷ್ಟೇನೂ ಕ್ಷೇಮವಾಗಿಲ್ಲ.

ನನ್ನ ಹೆಂಡತಿ ಬಸ್ ಚಾಲಕಿ. ಹೋದ ಶನಿವಾರ ಆಕೆಗೆ ನಿವೃತ್ತಿ, ಆಕೆಯ ಬಸ್ಸಿಗೆ ಗುಜರಿ. ಮದುವೆಯಾದಾಗಿನಿಂದ ನಾನು ಆಕೆಗೆ ಕೊಟ್ಟ ಉಡುಗೊರೆಗಳೆಲ್ಲ ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಹೊಲಿದ ಚೀಲಗಳೇ ಆಗಿದ್ದುದರಿಂದ, ಈ ಸಲವಾದರೂ ಚೀಲವಲ್ಲದ್ದೊಂದನ್ನು ಕೊಟ್ಟು ಮಾನ ಉಳಿಸಿಕೊಳ್ಳೋಣವೆಂದು, ಆ ಬಸ್ಸಿನದೇ ಒಂದು ಕಾಗದದ ಮಾದರಿ ಮಾಡಿಕೊಡುತ್ತೇನೆಂದು ಡಿಪೋದವರೆಲ್ಲರ ಮುಂದೆ ಜಂಬ ಕೊಚ್ಚಿಕೊಂಡುಬಿಟ್ಟೆ. ಅವರು ನಂಬಿ, ಬೀಳ್ಕೊಡುಗೆ ಸಭೆಯಲ್ಲಿ ಅದಕ್ಕೆಂದೇ ಒಂದು ಮೇಜನ್ನು ಖಾಲಿ ಇಟ್ಟರು.

ತಮ್ಮನ್ನು ಆರಿಸಿದ ಕಥೆಯೂ ತಮಗೆ ತಿಳಿದಿರಲಿ. ಜೆರಾಕ್ಸ್ ಅಂಗಡಿ ಇಟ್ಟಿರುವುದರಿಂದ ತಾನು ಕಂಪ್ಯೂಟರ್ ಪಂಡಿತನೆಂದು ನಂಬಿರುವ ನನ್ನ ಬಾಮೈದ ಮೂರು ತಂತ್ರಾಂಶಗಳನ್ನು ನನ್ನ ಮುಂದಿಟ್ಟ. ಮೊದಲನೆಯದು ಮೂರು ಬಣ್ಣದ ಮೂರು ಗೆರೆ ತೋರಿಸಿ, ಇನ್ನು ನಿನ್ನ ಹಣೆಬರಹ ಎಂಬಂತೆ ಸುಮ್ಮನಾಯಿತು. ಎರಡನೆಯದರಲ್ಲಿ ನನ್ನ ಅಂಗಡಿಯ ಡಬ್ಬದಲ್ಲಿರುವುದಕ್ಕಿಂತ ಹೆಚ್ಚು ಗುಂಡಿಗಳಿದ್ದವು. ಅವುಗಳಲ್ಲಿ ಒಂದೂ ಯಾವ ಕಾಜಕ್ಕೂ ಸೇರುವಂತಿರಲಿಲ್ಲ. ಮೂರನೆಯವರಾದ ತಾವು ಬಾತುಕೋಳಿಯ ಬಾಯಿಂದ ‘ಬನ್ನಿ, ಇಲ್ಲಿ ಎಲ್ಲವೂ ಸುಲಭ’ ಎಂದಿರಿ. ಗಿರಾಕಿಗಳಿಗೆ ನಾನೂ ಇದೇ ಮಾತನ್ನೇ ಹೇಳುವುದಾದ್ದರಿಂದ ಆಗಲೇ ಅನುಮಾನ ಪಡಬೇಕಿತ್ತು.

ಹೆಜ್ಜೆಹೆಜ್ಜೆಗೂ ತಾವು ಕೊಡುವ ಸುಳಿವುಗಳನ್ನು ಎಷ್ಟು ಹೊಗಳಿದರೂ ಸಾಲದು. ‘ನಿಮಗೆ ಗೊತ್ತೇ? ಕಾಗದವನ್ನು ಮಡಚಬಹುದು’ ಎಂದು ತಾವು ತಿಳಿಸಿದಾಗ, ಇಷ್ಟು ವರ್ಷ ದಿನಪತ್ರಿಕೆಯನ್ನು ಮಡಚಿದ್ದು ಅಪ್ಪಣೆಯಿಲ್ಲದೆ ಎಂದು ನಾಚಿಕೆಯಾಯಿತು. ಕತ್ತರಿ ಹರಿತ, ಜೋಕೆ ಎಂದಿರಿ. ಅಂಟನ್ನು ತಿನ್ನಬೇಡಿ ಎಂದಿರಿ, ತಿನ್ನಲಿಲ್ಲ. ಬಸ್ಸಿನ ಫೋಟೊಗಳನ್ನು ನುಂಗಿ, ಕಿಟಕಿ, ಚಕ್ರ, ಮಾರ್ಗದ ಸಂಖ್ಯೆಯ ಸಮೇತ ಇಡೀ ಬಸ್ಸನ್ನು ಬಿಡಿಸಿ ಚಪ್ಪಟೆಯಾಗಿ ಹಾಳೆಗಳ ಮೇಲೆ ಹಾಸಿಕೊಟ್ಟಿರಿ. ಅದನ್ನು ಕಂಡು ನನಗೆ ಬಟ್ಟೆಯ ಕಟಿಂಗ್ ನೋಡಿದಷ್ಟೇ ಸಂತೋಷವಾಯಿತು, ಎಡವಟ್ಟಾದದ್ದೂ ಅಲ್ಲೇ.

ಇಷ್ಟೆಲ್ಲ ಹೇಳಿದ ತಾವು, ಚಿತ್ರವಿರುವ ಮೈ ಹೊರಗೆ ಬರಬೇಕು ಎಂಬ ಒಂದು ಮಾತನ್ನು ಮಾತ್ರ ನುಂಗಿಕೊಂಡಿರಿ. ದರ್ಜಿಯಾದವನು ಏನು ಮಾಡುತ್ತಾನೆ? ಹೊರಮೈಯನ್ನು ಒಳಗಿಟ್ಟು ಹೊಲಿಯುತ್ತಾನೆ, ಆಮೇಲೆ ಮಗುಚುತ್ತಾನೆ. ನಾನೂ ಚಿತ್ರವನ್ನೆಲ್ಲ ಒಳಗಿಟ್ಟು ನೀಟಾಗಿ ಅಂಟಿಸಿ, ದಿಂಬಿನ ಗವಸಿಗೆ ಬಿಡುವಂತೆ ಹಿಂಬದಿಯಲ್ಲಿ ಕೈ ಹೋಗುವಷ್ಟು ಜಾಗ ಬಿಟ್ಟು, ಅಂಟು ಒಣಗಿದ ಮೇಲೆ ಬಸ್ಸನ್ನು ಮಗುಚಲು ಕೈ ಹಾಕಿದೆ. ಬಸ್ಸು ಕಿರುಗುಟ್ಟಿತು. ಬಾಮೈದ ಓಡಿ ಬಂದು ನನ್ನ ಕೈ ಹಿಡಿದುಕೊಂಡು, “ಭಾವ, ಅದು ಅಂಗಿ ಅಲ್ಲ, ಬಿಟ್ಬಿಡಿ” ಅಂದ. ಸಭೆಗೆ ಹೊರಡುವ ಹೊತ್ತಾಗಿತ್ತು. ನನ್ನ ಕೈಯಲ್ಲಿದ್ದದ್ದು ಉದ್ದನೆಯ ಬಿಳಿ ಡಬ್ಬ.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ ಏನೆಂದರೆ, ಅಂಟಿಸಿದ ಕಾಗದವನ್ನು ಹರಿಯದಂತೆ ಮಗುಚುವ ಗುಂಡಿಯೊಂದನ್ನು ಕೂಡಲೇ ಒದಗಿಸಬೇಕು. ಅದು ಕಷ್ಟವಾದರೆ, ತೆರೆದ ಕೂಡಲೇ ಬಳಸುವವರ ಕಸುಬನ್ನು ಕೇಳಿ, ಬಡಗಿಯಾದರೆ ಮೊಳೆ ಹೊಡೆಯದಂತೆ, ಬೇಕರಿಯವನಾದರೆ ಒಲೆಯೊಳಗೆ ಇಡದಂತೆ, ದರ್ಜಿಯಾದರೆ ಏನನ್ನೂ ಮುಟ್ಟದಂತೆ ಬಾತುಕೋಳಿಯಿಂದ ಬುದ್ಧಿ ಹೇಳಿಸಬೇಕು.

ಸಭೆಯಲ್ಲಿ ಏನಾಯಿತೆಂದು ತಾವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಬಿಳಿ ಡಬ್ಬವನ್ನು ಮೇಜಿನ ಮೇಲೆ ಇಟ್ಟಾಗ ಕಂಡಕ್ಟರುಗಳೆಲ್ಲ ಕೆಮ್ಮಿದರು, ಮ್ಯಾನೇಜರು ಅದನ್ನು ಸಿಹಿಯ ಪೆಟ್ಟಿಗೆ ಎಂದುಕೊಂಡು ಮುಚ್ಚಳ ಹುಡುಕಿದರು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಹೆಂಡತಿ ಮಾತ್ರ ಅದನ್ನೆತ್ತಿ ಬೆಳಕಿಗೆ ಹಿಡಿದು, ಹಿಂಬದಿಯ ಸಂದಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಒಳಗೆ ಎರಡೂ ಕಡೆ ಸಾಲಾಗಿ ಕಿಟಕಿಗಳಿದ್ದವು. ಆಮೇಲೆ ನನ್ನ ಕಡೆ ತಿರುಗಿ, “ಸರಿಯಾಗೇ ಮಾಡಿದ್ದೀರಲ್ಲ ರೀ. ಇಷ್ಟು ವರ್ಷ ನಾನು ಇದನ್ನ ನೋಡಿದ್ದೇ ಒಳಗಿಂದ. ಹೊರಗಡೆ ಹೇಗಿತ್ತೋ, ಅದು ಸ್ಟಾಪಲ್ಲಿ ಕಾಯ್ತಿದ್ದವರಿಗೆ ಗೊತ್ತು” ಅಂದಳು. ನಾನು ಅತ್ತೆ, ಮಾನ್ಯರೇ. ಅದಕ್ಕೆ ತಮ್ಮ ಬಳಿ ಯಾವ ಸುಳಿವೂ ಇರಲಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದರ್ಜಿ

ಮರೆತ ಮಾತು: ತಮಗೆ ಐದು ನಕ್ಷತ್ರ ಕೊಡಬೇಕೆಂದು ದಿನವೂ ಕೇಳುತ್ತಿದ್ದೀರಿ. ಐದನ್ನೂ ಕಾಗದದಲ್ಲೇ ಮಾಡಿ, ಹೊಳೆಯುವ ಮೈಯನ್ನು ಒಳಗಿಟ್ಟು ಅಂಟಿಸಿ ಕಳುಹಿಸಿದ್ದೇನೆ. ಸಾವಕಾಶವಾಗಿ ಮಗುಚಿಕೊಳ್ಳುವುದು.