ಎಲೆಕ್ಟ್ರಿಕ್ ಚೋಕಿನ ಕಾಶಿಯಾತ್ರೆ

"ಇವತ್ತಿಂದ ಈ ಭೂಮಿ ಮೇಲೆ ಯಾರೂ ಚೋಕ್ ಎಳೆಯೋ ಹಾಗಿಲ್ಲ!" ಎಂದು ಚಂದ್ರಮೌಳಿ ಕಾರಿನ ಬಾನೆಟ್ ಎತ್ತಿ ಘೋಷಿಸಿದರು.

ಹೆತ್ತ ಮಗಳ ಮದುವೆಯ ದಿನ, ಮೈಸೂರಿನ ಕಲ್ಯಾಣ ಮಂಟಪದ ಅಂಗಳದಲ್ಲಿ, ಹೊಸ ಜರಿಪಂಚೆಗೆ ಗ್ರೀಸ್ ಬಳಿದುಕೊಂಡು ನಿಂತ ಗಂಡನನ್ನು ನೋಡಿ ವನಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಇವತ್ತೊಂದು ದಿನ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟಿದ್ದ ಮಹಾರಾಯ ಇವರು! ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಮನೆಯೇ ಪ್ರಯೋಗಾಲಯವಾಗಿತ್ತು. ಅವರ ಚಪಾತಿ ಯಂತ್ರ ಎಸೆದ ಮೊದಲ ಚಪಾತಿ ಇವತ್ತಿಗೂ ಎದುರುಮನೆಯ ತೆಂಗಿನ ಮರದಲ್ಲಿದೆ.

ಅಂಬುಜ ಎಂಬುದು ಕಾರಿನ ಹೆಸರು. ಮಾವನವರ ಕಾಲದ್ದು. ತಣ್ಣಗಿದ್ದಾಗ ಚೋಕಿನ ಗುಂಡಿ ಎಳೆದು ಹೆಚ್ಚು ಪೆಟ್ರೋಲ್ ಕುಡಿಸದಿದ್ದರೆ ಏಳುತ್ತಿರಲಿಲ್ಲ. ಎದ್ದ ಮೇಲೆ ಗುಂಡಿಯನ್ನು ಒಳಗೆ ತಳ್ಳಲು ಮರೆತರೆ ಬೀದಿಗೆಲ್ಲ ಕಪ್ಪು ಹೊಗೆ ಬಿಡುತ್ತಿದ್ದಳು.

"ನೋಡು ವನಜ, ಕಾರ್ಬುರೇಟರ್ ಪಕ್ಕ ಈ ಕರೀ ಡಬ್ಬಿ ಇದೆಯಲ್ಲ, ಇದರೊಳಗೆ ಒಂದು ಸುರುಳಿ. ಕರೆಂಟ್ ಹರಿದ್ರೆ ಸುರುಳಿ ಬಿಸಿಯಾಗಿ ಚೋಕಿನ ಬಾಗಿಲು ತಾನಾಗೇ ತೆಗೆಯುತ್ತೆ. ಅಂಗಡೀಲಿ ಸಿಗೋ ಸುರುಳಿ ಮಂಕು. ನಾನು ಬೇರೆ ಲೋಹದಲ್ಲಿ ಮಾಡಿದೀನಿ."

"ಯಾವ ಲೋಹ?"

"ಅದು… ವಿಜ್ಞಾನದ ವಿಷಯ," ಎಂದು ಅವರು ಮುಖ ತಿರುಗಿಸಿ ಕೀಲಿ ತಿರುಗಿಸಿದರು. ಅಂಬುಜ ಎರಡು ಸಲ ಕೆಮ್ಮಿ ಸುಮ್ಮನಾದಳು. ಡಬ್ಬಿಯ ಮೂರು ಸ್ಕ್ರೂ ಸಡಿಲಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರು. ಇನ್ನೊಂದು ಕೆಮ್ಮು, ಅಷ್ಟೇ.

"ರೀ! ಬೀಗರು ಕಾಫಿಗೆ ಕಾಯ್ತಿದಾರೆ, ಪಾಯಸ ಬಡಿಸೋಕೆ ನಮ್ಮಮ್ಮ ಕೊಟ್ಟಿದ್ದ ಕಂಚಿನ ಸೌಟು ಹದಿನೈದು ದಿನದಿಂದ ಕಾಣ್ತಿಲ್ಲ, ನಿಮಗೆ ಕಾರಿನ ಚಿಂತೆ!" ಎಂದು ವನಜಾಕ್ಷಿ ಕೂಗಿದರು.

ಧಡಕ್ಕನೆ ಅಂಬುಜ ಎದ್ದಳು! ಇಂಜಿನ್ ಹುಲಿಯಂತೆ ಗುರುಗುಟ್ಟಿತು. ವನಜಾಕ್ಷಿ ಬಾಯಿ ಮುಚ್ಚಿದರು. ಗುರುಗುಟ್ಟುವುದೂ ಇಳಿಯಿತು. ಅನುಮಾನ ಬಂದು "ರೀ!" ಎಂದರು. ಇಂಜಿನ್ ಏರಿತು.

"ಇದು ನನ್ನ ದನಿಗೆ ಕುಣೀತಿದೆಯಲ್ರೀ?"

"ಆಕಸ್ಮಿಕ! ಕೇವಲ ಆಕಸ್ಮಿಕ!" ಎಂದು ಚಂದ್ರಮೌಳಿ ಅವಸರದಿಂದ ಬಾನೆಟ್ ಹಾಕಿದರು.

ಮುಹೂರ್ತಕ್ಕೆ ಒಂದೂವರೆ ಗಂಟೆ ಉಳಿದಿತ್ತು. ಅದು ತಪ್ಪಿದರೆ ಆಷಾಢ ಕಳೆಯುವವರೆಗೆ ಬೇರೆ ಮುಹೂರ್ತವಿಲ್ಲ ಎಂದು ಪುರೋಹಿತರು ಮೊದಲೇ ಎಚ್ಚರಿಸಿದ್ದರು. ಈಗ ಕಾಶಿಯಾತ್ರೆಯ ಶಾಸ್ತ್ರ. ಮದುಮಗ ಛತ್ರಿ, ಕೋಲು ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡಬೇಕು. ಹೆಣ್ಣಿನ ತಂದೆ ತೆಂಗಿನಕಾಯಿ ಹಿಡಿದು ಅಡ್ಡ ನಿಂತು, ನಮ್ಮ ಮಗಳನ್ನು ಕೊಡುತ್ತೇವೆ, ಹೋಗಬೇಡಿ ಎಂದು ಕರೆತರಬೇಕು. ನಾಲ್ಕು ಹೆಜ್ಜೆಯ ಯಾತ್ರೆ.

"ಈ ಕಾಲದಲ್ಲಿ ಕಾಶಿಗೆ ಯಾರು ನಡ್ಕೊಂಡು ಹೋಗ್ತಾರೆ? ಅಳಿಯಂದ್ರು ಅಂಬುಜಳಲ್ಲಿ ಹೊರಡಲಿ! ಬೀಗಿತ್ತಿಯರಿಬ್ಬರೂ ಹಿಂದೆ ಕೂತ್ಕೊಳ್ಳಿ, ವಿಡಿಯೋದಲ್ಲಿ ಲಕ್ಷಣವಾಗಿ ಬರುತ್ತೆ," ಎಂದರು ಚಂದ್ರಮೌಳಿ.

ಮದುಮಗ ಪ್ರಣವ ಸಾಧು ಹುಡುಗ. ಆದರೆ ಕ್ಲಚ್ ಇಲ್ಲದ ಹೊಸ ಕಾಲದ ಕಾರು ಬಿಟ್ಟು ಬೇರೆ ಓಡಿಸಿದವನಲ್ಲ. ಚಂದ್ರಮೌಳಿ ಗೇರು ಹಾಕಿಕೊಟ್ಟು, "ಹತ್ತು ಅಡಿ ಅಷ್ಟೇ!" ಎಂದು ಧೈರ್ಯ ಹೇಳಿ, ತೆಂಗಿನಕಾಯಿ ಹಿಡಿದು ಗೇಟಿನ ಬಳಿ ನಿಂತರು. ಅಂಬುಜ ಮದುವೆಯ ಹೆಣ್ಣಿನಂತೆ ಮೆಲ್ಲಗೆ ಹೆಜ್ಜೆಯಿಟ್ಟಳು.

ಆಗಲೇ ಪ್ರಣವನ ತಾಯಿ ಇಂದುಮತಿಯ ಕಣ್ಣು ಮಗನ ಛತ್ರಿಯ ಮೇಲೆ ಬಿತ್ತು.

"ಏನ್ರೀ ಇದು, ಕಾಶಿಯಾತ್ರೆಗೆ ಮಡಚೋ ಛತ್ರಿನಾ? ನಮ್ಮ ವಂಶದಲ್ಲಿ ಯಾರೂ ಮಡಚೋ ಛತ್ರಿ ಹಿಡ್ಕೊಂಡು ಕಾಶಿಗೆ ಹೋಗಿಲ್ಲ!"

"ನಿಮ್ಮ ವಂಶದಲ್ಲಿ ಯಾರೂ ಕಾಶಿಗೇ ಹೋಗಿಲ್ವಲ್ರೀ! ಎಲ್ರೂ ವಾಪಸ್ ಬಂದು ಮದ್ವೆ ಆಗಿದಾರೆ!" ಎಂದರು ವನಜಾಕ್ಷಿ.

ಅಂಬುಜ ಚಂಗನೆ ನೆಗೆದಳು! ಚಂದ್ರಮೌಳಿ "ಹೋಗಬೇ—" ಎಂದವರು ಕಾಯಿ ಸಮೇತ ದಾಸವಾಳದ ಪೊದೆಗೆ ಹಾರಿದರು. ಓಲಗದವರು ಚದುರಿದರು. ಕಾರು ಗೇಟು ದಾಟಿ, ದೊಡ್ಡ ರಸ್ತೆಗೆ ಬಿದ್ದು, ನೇರವಾಗಿ ಉತ್ತರ ದಿಕ್ಕಿಗೆ ಹೊರಟಿತು.

"ನಿಲ್ಸೋ ಪ್ರಣವಾ!"

"ಬ್ರೇಕ್ ತುಳೀತಾನೇ ಇದೀನಮ್ಮಾ! ಕೀಲಿ ತೆಗೆದು ಕೈಲಿ ಹಿಡ್ಕೊಂಡಿದೀನಿ, ಆದ್ರೂ ಓಡ್ತಿದೆ!"

"ಎಂಥಾ ಕಾರು ಕೊಟ್ರಿ ನನ್ನ ಮಗನಿಗೆ!" ಎಂದು ಇಂದುಮತಿ ಕಿರುಚಿದರು. ವೇಗ ಏರಿತು. "ಎಂಥಾ ಮಗನ್ನ ಕೂರಿಸಿದ್ರಿ ನಮ್ಮ ಕಾರಲ್ಲಿ!" ಎಂದು ವನಜಾಕ್ಷಿ ಅರಚಿದರು. ಇನ್ನೂ ಏರಿತು. ಬಾಸಿಂಗ ಕಟ್ಟಿದ ಮದುಮಗ ತಮ್ಮನ್ನು ಹಿಂದಿಕ್ಕಿದ್ದನ್ನು ಕಂಡು ಒಂದು ಬಸ್ಸಿನ ಜನರೆಲ್ಲ ಕಿಟಕಿಯಿಂದ ಕೈ ಬೀಸಿದರು.

ವನಜಾಕ್ಷಿಗೆ ಬೆಳಗಿನ ಗುರುಗುಟ್ಟುವಿಕೆ ನೆನಪಾಯಿತು. ಕೂಗಿದಷ್ಟೂ ಓಡುತ್ತದೆ ಈ ಪೀಡೆ! ಹಾಗಾದರೆ ನಿಲ್ಲಿಸಲು ಇರುವುದು ಒಂದೇ ದಾರಿ, ಬೀಗಿತ್ತಿಯನ್ನು ಮೆತ್ತಗೆ ಹೊಗಳುವುದು. ಅದಕ್ಕಿಂತ ಕಾರಿನಿಂದ ಹಾರುವುದು ಸುಲಭ ಅನ್ನಿಸಿತು. ಆದರೆ ಮಂಟಪದಲ್ಲಿ ಮಗಳು ಮೈತ್ರೇಯಿ ಕಾಯುತ್ತಿದ್ದಾಳೆ.

"ಇಂದುಮತಿಯವ್ರೇ," ಎಂದರು ಜೇನು ಸುರಿಸುತ್ತ, "ನಿಶ್ಚಿತಾರ್ಥದ ದಿನ ನೀವು ಮಾಡಿದ ಚಿರೋಟಿ ಇದೆಯಲ್ಲ, ಅಂಥದ್ದು ನಾನು ಜನ್ಮದಲ್ಲಿ ತಿಂದಿಲ್ಲ."

ಇಂದುಮತಿ ಸೆರಗು ಸರಿಮಾಡಿಕೊಂಡು ಇತ್ತ ತಿರುಗಿದರು. "ನಿಜ್ವಾಗ್ಲೂನಾ? ಒಬ್ರೂ ಒಂದು ಮಾತು ಆಡ್ಲಿಲ್ಲ ಅಂತ ನಾನು ಅವತ್ತೆಲ್ಲ ನೊಂದ್ಕೊಂಡಿದ್ದೆ ಕಣ್ರೀ."

ಕಾರು ನಿಧಾನವಾಯಿತು. ಇಂದುಮತಿ ಹಾಲು ಸೇರಿಸಿ ಹಿಟ್ಟು ಕಲಸುವ ಗುಟ್ಟು ಬಿಟ್ಟುಕೊಟ್ಟರು. ವನಜಾಕ್ಷಿ ತಲೆಯಾಡಿಸಿದರು. ಶ್ರೀರಂಗಪಟ್ಟಣದ ಸೇತುವೆ ಕಾಣುವಷ್ಟರಲ್ಲಿ ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದರು, ಅಂಬುಜ ನಿಟ್ಟುಸಿರಿಟ್ಟು ನಿಂತಳು.

ನಿಂತದ್ದು ಸರಿ. ಇನ್ನು ಏಳಬೇಕಲ್ಲ! ಮುಹೂರ್ತಕ್ಕೆ ಅರ್ಧ ಗಂಟೆಯೂ ಇಲ್ಲ. ವನಜಾಕ್ಷಿ ಕಾರಿನ ಗುಟ್ಟು ಹೇಳಿ, "ಜಗಳ ಆಡಿ ಬೀಗಿತ್ತಿಯವ್ರೇ!" ಎಂದು ಕೈಮುಗಿದರು.

"ಇಷ್ಟು ಒಳ್ಳೆಯವ್ರ ಹತ್ರ ಹ್ಯಾಗ್ರೀ ಆಡೋದು?" ಎಂದು ಇಂದುಮತಿ ಕಣ್ಣೊರೆಸಿಕೊಂಡರು.

ಪ್ರಣವ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಅತ್ತೆ ಆ ಚಿರೋಟಿನ ರಟ್ಟು ಅಂತ ಬೀದಿಗೆಲ್ಲ ಹೇಳಿದ್ರಂತೆ. ಮೈತ್ರಿ ಹೇಳಿದ್ಲು."

"ಏನಂದೇ!"

ಅಂಬುಜ ಎದ್ದಳು ನೋಡಿ! ಗರ್ರನೆ ತಿರುಗಿ ಮೈಸೂರಿನ ಕಡೆ ಹಾರಿದಳು. ರಟ್ಟಿನಿಂದ ಶುರುವಾದದ್ದು ಛತ್ರಿಗೆ ಬಂತು, ಛತ್ರಿಯಿಂದ ತಾಂಬೂಲದ ಸೀರೆಗೆ, ಸೀರೆಯಿಂದ ಸತ್ತುಹೋದ ಅಜ್ಜಿಯಂದಿರಿಗೆ. ಮಂಟಪದ ಗೇಟಿನಲ್ಲಿ ತಲೆಯಲ್ಲೊಂದು ದಾಸವಾಳ ಸಿಕ್ಕಿಸಿಕೊಂಡ ಚಂದ್ರಮೌಳಿ ಇನ್ನೂ ಕಾಯಿ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಮೈತ್ರೇಯಿ ಕೈಯಲ್ಲಿ ಹಾರ ಹಿಡಿದು, ಕಣ್ಣು ತುಂಬಿಕೊಂಡು ರಸ್ತೆ ನೋಡುತ್ತಿದ್ದಳು. ಅವಳನ್ನು ಕಂಡದ್ದೇ ತಾಯಂದಿರಿಬ್ಬರ ಮಾತೂ ಗಂಟಲಲ್ಲೇ ನಿಂತಿತು. ಕಾರೂ ನಿಂತಿತು, ಮಾವನ ಹೊಟ್ಟೆಗೆ ಒಂದು ಗೇಣು ದೂರದಲ್ಲಿ.

"ಕಾಶಿಗೆ ಹೋಗ್ಬೇಡಿ ಅಳಿಯಂದ್ರೇ," ಎಂದು ಚಂದ್ರಮೌಳಿ ಕಾಯಿ ಮುಂದೆ ಚಾಚಿ ಶಾಸ್ತ್ರ ಮುಗಿಸಿದರು.

"ಇನ್ನೊಂದ್ಸಲ ಕೇಳಿದ್ರೂ ಹೋಗಲ್ಲ ಮಾವ!"

ಮುಹೂರ್ತ ಮೀರುವುದರೊಳಗೆ ಧಾರೆ ಆಯಿತು.

ಸಂಜೆ ಹೆಣ್ಣನ್ನು ಕಳುಹಿಸುವ ಹೊತ್ತು. ಗಂಡಿನ ಮನೆ ತುಮಕೂರು. ಅಂಬುಜಳನ್ನೇ ಮಗಳಿಗೆ ಉಡುಗೊರೆ ಕೊಡುವುದೆಂದು ಚಂದ್ರಮೌಳಿ ಎಂದೋ ಹೇಳಿಯಾಗಿತ್ತು. ಪ್ರಣವನೂ ಅಷ್ಟರಲ್ಲಿ ಕ್ಲಚ್ ಕಲಿತಿದ್ದ. ಮೈತ್ರೇಯಿ ಅಮ್ಮನನ್ನು ತಬ್ಬಿ ಅತ್ತಳು. ಎಲ್ಲರೂ ಮೂಗೊರೆಸಿಕೊಂಡು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ರಾಹುಕಾಲ ಹತ್ತಿರವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರು ಯಾರ ಮೇಲೆ ಕೂಗಾಡುತ್ತಾರೆ?

ಚಂದ್ರಮೌಳಿ ಮಗಳ ತಲೆ ಸವರಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ವನಜ, ನಿಮ್ಮಮ್ಮನ ಕಂಚಿನ ಸೌಟು ಹುಡುಕಬೇಡ. ಆ ಸುರುಳಿ ಮಾಡಿದ್ದು ಅದರಿಂದಲೇ. ನಲವತ್ತು ವರ್ಷ ನಿನ್ನ ಅಡುಗೆಮನೇಲಿ ನಿನ್ನ ದನಿ ಕೇಳಿದ ಕಂಚು. ಯಾರ ಸಿಟ್ಟಿನ ದನಿ ಕೇಳಿದ್ರೂ, ಅದ್ರಲ್ಲೂ ನೀನು ಕೂಗಿದ್ರೆ, ಮಿಡಿದು ಬಿಸಿಯಾಗುತ್ತೆ."

ವನಜಾಕ್ಷಿ ಬಾಯಿ ತೆರೆದರು. ಅಂಬುಜ ಧೂಳೆಬ್ಬಿಸಿಕೊಂಡು ಹೊರಟ ರಭಸಕ್ಕೆ ಮೈತ್ರೇಯಿಯ ಕಣ್ಣೀರು ಅಲ್ಲೇ ಆರಿಹೋಯಿತು.

ರಾತ್ರಿ ಊಟದ ಹೊತ್ತಿಗೆ ಅಳಿಯನ ಫೋನು ಬಂತು. ಚಂದ್ರಮೌಳಿ ಸ್ಪೀಕರ್ ಹಾಕಿದರು. ಅಡುಗೆಮನೆಯಲ್ಲಿ ತಟ್ಟೆಗಳನ್ನು ಕುಕ್ಕುತ್ತಿದ್ದ ವನಜಾಕ್ಷಿಗೂ ಕೇಳಿಸಿತು.

"ಮಾವ, ಸುಖವಾಗಿ ತಲುಪಿದ್ವಿ. ಸೇರು ಒದ್ದು ಒಳಗೆ ಬಂದದ್ದೂ ಆಯ್ತು. ಕೀಲಿ ನನ್ನ ಜೇಬಲ್ಲಿದೆ, ಕಾರು ಮಾತ್ರ ಬಾಗಿಲಲ್ಲಿ ಇನ್ನೂ ಗುರುಗುಟ್ತಾ ಇದೆ. ಅತ್ತೆಗೆ ಇನ್ನೂ ಸಮಾಧಾನ ಆಗಿಲ್ವಾ?"

ಚಂದ್ರಮೌಳಿ ಬಾಗಿ ಅಡುಗೆಮನೆಯೊಳಗೆ ಇಣುಕಿ, ಹೆಂಡತಿಯ ಮುಖ ನೋಡಿ, ಫೋನಿನ ಕಡೆ ತಿರುಗಿದರು.

"ಟ್ಯಾಂಕ್ ತುಂಬಿಸಿ ಇಟ್ಟಿರಿ ಅಳಿಯಂದ್ರೇ," ಎಂದರು.