ಚಿಕ್ಕಪ್ಪನ ನಾಲ್ಕು ಮಗ್ಗ

ನಮ್ಮ ಚಿಕ್ಕಪ್ಪ ಗುಟ್ಟು ಹೇಳಿದರೆ ದಾವಣಗೆರೆಯ ಮೂರು ಓಣಿಗೆ ಕೇಳುತ್ತಿತ್ತು! ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ಗದ್ದಲದ ನಡುವೆ ಕೂಗಿ ಕೂಗಿ ಅವನ ಗಂಟಲು ಹಾಗೆಯೇ ಪಳಗಿತ್ತು. ನನ್ನ ತಂಗಿಯನ್ನು ನೋಡಲು ಹರಿಹರದ ಬೀಗರು ಬಂದು ಪಡಸಾಲೆಯಲ್ಲಿ ಕೂತಿದ್ದಾಗ, ಚಿಕ್ಕಪ್ಪ ಅಡುಗೆಮನೆಯಲ್ಲಿ ಅವ್ವನ ಕಿವಿಯಲ್ಲಿ ಉಸುರಿದ: "ಹುಡುಗನಿಗೆ ಕಿವಿ ಮಂದ ಅಂತೆ. ಯಾರಿಗೂ ಹೇಳಬ್ಯಾಡ!" ಪಡಸಾಲೆಯಲ್ಲಿ ಮೊದಲು ತಿರುಗಿ ನೋಡಿದವನೇ ಆ ಹುಡುಗ!

ಆದರೂ ಸಂಬಂಧ ಕೂಡಿತು. ಅಷ್ಟರಲ್ಲಿ ಮಿಲ್ಲಿನವರು ಎರಡು ಮಗ್ಗ ನೋಡುತ್ತಿದ್ದ ಚಿಕ್ಕಪ್ಪನಿಗೆ ನಾಲ್ಕು ಒಪ್ಪಿಸಿದರು. ದೇವರು ಕೈಗಳನ್ನು ಮಾತ್ರ ಎರಡೇ ಉಳಿಸಿದ! ಮಗ್ಗದಲ್ಲಿ ಹರಿದ ಎಳೆಗಳಿಗೆ ಗಂಟು ಹಾಕಿ ಹಾಕಿ, ಎಲ್ಲಿ ಎಳೆ ಕಂಡರೂ ಗಂಟು ಹಾಕುವ ಚಾಳಿ ಶುರುವಾಯಿತು. ನಿಶ್ಚಯದ ದಿನ ಮಾತಾಡುತ್ತಲೇ ಬೀಗರ ಶಾಲಿನ ಎಳೆಗಳನ್ನು ತನ್ನ ಶಲ್ಯದ ಎಳೆಗಳಿಗೆ ಬಿಗಿದುಬಿಟ್ಟ. ಬೀಗರು ಎದ್ದಾಗ ಚಿಕ್ಕಪ್ಪನೂ ಎದ್ದ. ಬೇರೆ ದಾರಿ ಎಲ್ಲಿತ್ತು?

ಮದುವೆ ಹರಿಹರದಲ್ಲಿ. ಚಿಕ್ಕಪ್ಪನಿಗೆ ಸಿಕ್ಕದ್ದು ಅರ್ಧ ದಿನದ ರಜೆ. ಎರಡನೇ ಪಾಳಿಗೆ ಹಾಜರಾಗಲೇಬೇಕು. ಹೋಳಿಗೆ ಬಡಿಸುವ ಹೊತ್ತಿಗೆ ಅಲ್ಲಿನ ಕಾರ್ಖಾನೆಯ ಸೈರನ್ ಕೂಗಿತು. ಚಿಕ್ಕಪ್ಪ ಹೋಳಿಗೆ ಹಿಡಿದೇ ರಸ್ತೆಗೆ ಓಡಿದ! ನಾನು ಹಿಂದೆ ಓಡಿದೆ.

"ಚಿಕ್ಕಪ್ಪ, ಅದು ಇಲ್ಲಿದು! ನಿಮ್ಮ ಮಿಲ್ಲಿಂದಲ್ಲ!"

"ಯಾವೂರಿಂದಾದ್ರೇನೋ? ಕೂಗಿತು ಅಂದ್ಮೇಲೆ ಹೋಗಬೇಕು!"

ಎಷ್ಟು ಹೇಳಿದರೂ ಮತ್ತೆ ಎಲೆಯ ಮುಂದೆ ಕೂರಲಿಲ್ಲ. ಚಿತ್ರದುರ್ಗದ ಬಸ್ಸು ಬಂತು. ಅದು ದಾವಣಗೆರೆ ದಾಟಿ ಹೋಗುವ ಬಸ್ಸು. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ.

"ಯಾಕ ಇಷ್ಟು ಹೆದರ್ತೀ?" ಎಂದೆ.

"ತಡ ಆದ್ರೆ ಸಾಹೇಬರು ಎಲ್ಲಾರ ಮುಂದೆ ನಿಲ್ಲಿಸಿ ಬೈತಾರ. ಮೊದಲೂ ಬೈತಿದ್ರು. ಮನೆಗೆ ಬಂದು ನಿಮ್ಮ ಚಿಕ್ಕವ್ವನ ಮುಂದೆ ಹೇಳಿ ನಗ್ತಿದ್ದೆ." ಕಿಟಕಿಯಾಚೆ ನೋಡಿದ. "ಈಗ ಬೈಸಿಕೊಂಡಿದ್ದು ಹಂಗೇ ಒಳಗೇ ಇರ್ತೈತೆ."

ಸ್ವಲ್ಪ ಹೊತ್ತಿಗೆ ಅವನ ತಲೆ ನನ್ನ ಭುಜಕ್ಕೆ ವಾಲಿತು. ಬಾಯಿ ಕೊಂಚ ತೆರೆದುಕೊಂಡು, ಕೂಸಿನ ಹಾಗೆ ನಿದ್ದೆ ಹೋಗಿದ್ದ. ಚಿಕ್ಕವ್ವ ತೀರಿಹೋದಮೇಲೆ ಅವನು ಯಾರನ್ನೂ ಒರಗಿ ಕೂತದ್ದನ್ನು ನಾನು ಕಂಡಿರಲಿಲ್ಲ.

"ದಾವಣಗೆರೆ! ಇಳೀರಿ, ಇಳೀರಿ!" ಕಂಡಕ್ಟರ್ ಹತ್ತಿರ ಬಂದ. "ಎಬ್ಬಿಸ್ರಿ ಅವರನ್ನ."

ಭುಜ ಅಲುಗಿಸದೆ ಜೇಬಿಗೆ ಕೈ ಹಾಕಿದೆ. ಪಾಳಿ ತಪ್ಪಿದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು.

"ಮೆಲ್ಲಗೆ ಮಾತಾಡ್ರಿ," ಎಂದೆ. "ಮುಂದೆ ಆನಗೋಡಿನ ತನಕ ಎರಡು ಟಿಕೆಟ್ ಕೊಡ್ರಿ."